ಹತ್ತು ಲಕ್ಷದ ಮೂರು

ಪಂಪಮ್ಮ ಕಟ್ಟೆಯ ಒಂದು ತುದಿಯಲ್ಲಿ ಕುಳಿತು ಬಾಳೆಯ ನಾರು ಸೀಳಿ ಸಣ್ಣ ಕಂತೆಗಳಾಗಿ ಸಿವುಡು ಕಟ್ಟುತ್ತಿದ್ದಳು. ಇನ್ನೊಂದು ತುದಿಯಲ್ಲಿ ಕೊಟ್ರಬಸಪ್ಪ ಮಾಸ್ತರನ ಬಳಪ ಪಾಟಿಯ ಮೇಲೆ ಕಿರುಗುಡುತ್ತಿತ್ತು. ಒಳಗೆ ಅಪ್ಪ ಅಡಕೆ ಕತ್ತರಿಸುವ ಸದ್ದು.

ಆನೆಗೊಂದಿಯ ಸಾಲೆಗೆ ಬಂದ ಈ ಮಾಸ್ತರ ಪಂಪಮ್ಮನ ಮನೆಯ ಹೊರಕೋಣೆಯಲ್ಲೇ ಇದ್ದ. ಗಂಗಾವತಿಯ ಫಕ್ರುದ್ದೀನ ಮಾಸ್ತರರು ಅವನಿಗೊಂದು ಸವಾಲು ಹಾಕಿದ್ದರು: ಹತ್ತು ಲಕ್ಷದ ಮೂರನ್ನು, ಒಂದು ಮತ್ತು ಅದೇ ಸಂಖ್ಯೆ ಬಿಟ್ಟು, ಬೇರೆ ಯಾವುದಾದರೂ ಸಂಖ್ಯೆ ಶೇಷ ಉಳಿಯದಂತೆ ಭಾಗಿಸುತ್ತದೆಯೇ, ಇಲ್ಲಾ ಅದು ಅವಿಭಾಜ್ಯವೇ?

"ಈ ಲೆಕ್ಕ ಮುಗೀಲಿ, ನಿಮ್ಮಪ್ಪಾರ್ನ ಕೇಳ್ತೀನಿ" ಎಂದು ಯುಗಾದಿಗೆ ಪಂಪಮ್ಮನಿಗೆ ಹೇಳಿದವನು ದಸರಾ ಬಂದರೂ ಭಾಗಿಸುತ್ತಲೇ ಇದ್ದ. ಲಡಾಯಿಯಿಂದ ಕಾಗದ ಸಿಗದ ಕಾಲ. ಪಾಟಿಯ ಮೇಲೆ ಬರೆಯುವುದು, ಅಳಿಸುವುದು, ನಡುನಡುವೆ ಅವಳ ಬೆರಳುಗಳನ್ನು ಕದ್ದು ನೋಡುವುದು. ಅವಳು ಕಣ್ಣೆತ್ತಿದರೆ ಮತ್ತೆ ಪಾಟಿ.

ನಾಳೆ ಕುಷ್ಟಗಿಯಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು.

"ಎಲ್ಲಿಗೆ ಬಂತ್ರಿ?" ಪಂಪಮ್ಮ ಕೇಳಿದಳು.

"ಸಾವಿರದ ಹದಿಮೂರಕ್ಕ. ನೂರಾ ಎಪ್ಪತ್ತೆರಡು ಉಳೀತು."

"ಇನ್ನ ಎಲ್ಲಿತನಕ?"

"ಐದು ಲಕ್ಷದ ತನಕರೆ ನೋಡಬೇಕಲ್ಲ."

ಕೈಯಲ್ಲಿದ್ದ ನಾರು ಪಟ್ಟನೆ ಹರಿಯಿತು. ನಾಲ್ಕನೇ ಇಯತ್ತೆಗೇ ಸಾಲೆ ಬಿಟ್ಟವಳು, ಮಂದಿಯ ಎದುರು ದನಿ ಎತ್ತದವಳು ಪಂಪಮ್ಮ. ಈಗ ಹದಿನೈದು ಸಿವುಡುಗಳನ್ನು ಅವನ ಮುಂದೆ ಸಾಲು ಹಚ್ಚಿದಳು: ಮೂರು ಸಾಲು, ಸಾಲಿಗೆ ಐದು.

"ಈ ಕಡಿಂದ ನೋಡಿದ್ರ ಮೂರು, ಆ ಕಡಿಂದ ಐದು. ಜೋಡಿ ಅವು. ಒಂದು ಸಿಕ್ಕರ ಇನ್ನೊಂದು ಸಿಕ್ಕಂಗ. ಸಾವಿರ ಸಾಲು, ಸಾಲಿಗೆ ಸಾವಿರ ಅಂದ್ರ ಹತ್ತು ಲಕ್ಷ. ಜೋಡಿ ಎರಡೂ ಸಾವಿರ ದಾಟಿದ್ರ ನಿಮ್ಮ ಸಂಖ್ಯಾನ ಮೀರಿ ಹೋಗ್ತಾವ. ಒಂದರೆ ಸಾವಿರದೊಳಗ ಇರಬೇಕು. ಅಲ್ಲಿತನಕ ಎಲ್ಲಾ ನೋಡೀರಿ, ಒಂದೂ ಸಿಗಲಿಲ್ಲ. ಮೊನ್ನೇನ ಮುಗದೈತ್ರಿ ನಿಮ್ಮ ಲೆಕ್ಕ!"

ಮಾಸ್ತರ ತಲೆ ತಗ್ಗಿಸಿದ. "ಗೊತ್ತೈತಿ."

"ಏನಂದ್ರಿ?"

"ಸಾವಿರಕ್ಕ ಮುಗೀತೈತಿ ಅಂತ ಮೊದಲಿಂದ ಗೊತ್ತಿತ್ತು." ಅವನ ಕಿವಿಗಳು ಕೆಂಪಾಗಿದ್ದವು. "ಮುಗೀತು ಅಂದ್ರ ಕೇಳಬೇಕಲ್ಲ. ನಿಮ್ಮಪ್ಪಾರು ಒಲ್ಲೆ ಅಂದ್ರ ಈ ಕಟ್ಟೀನೂ ಇಲ್ಲ, ನಿನ್ನ ನೋಡೋದೂ ಇಲ್ಲ."

ಆ ಪಾಟಿಯಿಂದಲೇ ಅವನ ತಲೆಗೆ ಕುಟ್ಟಬೇಕು ಎನಿಸಿತು ಅವಳಿಗೆ. ಆ ಕೆಂಪು ಕಿವಿಯನ್ನು ಒಮ್ಮೆ ಮುಟ್ಟಬೇಕು ಎಂದೂ ಅನಿಸಿತು.

"ಭಾಳ ಶಾಣ್ಯಾ ಅದೀರಿ! ನಾಳೆ ಕುಷ್ಟಗಿಯವರು ಬರಾಕತ್ಯಾರ. ಅವರು ಹೂಂ ಅಂದ್ರ, ನೀವು ಐದು ಲಕ್ಷ ಮುಟ್ಟೋದ್ರೊಳಗ ನನಗ ಮೊಮ್ಮಕ್ಕಳಾಗಿರ್ತಾವ."

ಬಳಪ ಅವನ ಕೈಯಿಂದ ಜಾರಿ ಎರಡು ತುಂಡಾಯಿತು. "ನಾಳೇನಾ?"

ಅವಳು ಪಾಟಿ ಕಸಿದುಕೊಂಡು, ಸೆರಗಿನಿಂದ ಚೆನ್ನಾಗಿ ಒರೆಸಿ, ತನ್ನ ಬೆನ್ನ ಹಿಂದೆ ಇಟ್ಟುಕೊಂಡಳು.

ಅವನು ಎದ್ದ. ಟೋಪಿ ಸರಿಮಾಡಿಕೊಂಡ. ಒಮ್ಮೆ ಅವಳತ್ತ ನೋಡಿದ. ಈ ಸಲ ಕದ್ದು ನೋಡಲಿಲ್ಲ. ಹೊಸ್ತಿಲ ತನಕ ನಾಲ್ಕೇ ಹೆಜ್ಜೆ.

"ಕಾಕಾ..."

ಒಳಗೆ ಅಡಕೆ ಕತ್ತರಿಸುವ ಸದ್ದು ನಿಂತಿತು. ಪಂಪಮ್ಮ ಪಾಟಿಯನ್ನು ಬೆನ್ನಿಗೆ ಒತ್ತಿಕೊಂಡು ಕಿವಿಗೊಟ್ಟಳು.

"ಪಂಪಮ್ಮನ್ನ ನನಗ ಕೊಡ್ರಿ."