ಡಬ್ಬಿಯಲ್ಲಿದ್ದ ಮೂರನೇ ಗುಳಿಗೆ

"ಮಟಮಟ ಮಧ್ಯಾಹ್ನ ಕುಡದು ಬಂದೀರಿ? ನಾಚಿಕಿ ಆಗೂದಿಲ್ಲೇನ್ರಿ?"

ಕೌಂಟರಿನ ಹಿಂದೆ ಗುಳಿಗೆ ಕೊಡುತ್ತಿದ್ದ ಪ್ರಮಿಳಾಳ ದನಿಗೆ ಅನಗೋಳದ ಆ ಔಷಧಿ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎದುರಿಗೆ ಬಾಳೇಶ ತೂರಾಡುತ್ತ ನಿಂತಿದ್ದ.

"ನಾ... ಕುಡಿಯೂದಿಲ್ರಿ ಮೇಡಂ..."

ತೊದಲುತ್ತ ಅಷ್ಟೇ ಅಂದವನು, ಕೈಲಿದ್ದ ಡಬ್ಬಿಯನ್ನು ಕೌಂಟರ್ ಮೇಲೆಯೇ ಬಿಟ್ಟು ಹೊರಟುಹೋದ.

ಆಟೋ ನಗರದ ಮೆಕ್ಯಾನಿಕ್ ಅವನು. ಜಾಕ್ ಜಾರಿ ಜಜ್ಜಿದ್ದ ಬಲಗೈ ಮಾಯ್ದಿದ್ದರೂ ನರದ ಉರಿ ಬಿಟ್ಟಿರಲಿಲ್ಲ. ಮೂರು ತಿಂಗಳಿಂದ ಪ್ರತಿ ಶನಿವಾರ ಗುಳಿಗೆ ಒಯ್ದು ಖಾನಾಪುರ ತಾಲೂಕಿನ ತನ್ನೂರು ಬೀಡಿಗೆ ಹೋಗುತ್ತಿದ್ದ. ಶನಿವಾರ ಮಾತ್ರ ಪ್ರಮಿಳಾ ಮಲ್ಲಿಗೆ ಮುಡಿಯುತ್ತಿದ್ದಳು... ಅದು ಆ ಪುಣ್ಯಾತ್ಮನಿಗೆಲ್ಲಿ ಗೊತ್ತು!

'ಇಂಥವನಾ ಇವನು?' ಸಂಕಟದಿಂದಲೇ ಡಬ್ಬಿ ತೆರೆದಳು.

ಅವಳೇ ಕೊಟ್ಟಿದ್ದ ಎರಡು ಬಗೆಯ ಗುಳಿಗೆ. ಜೊತೆಗೆ ಖಾನಾಪುರದ ಅಂಗಡಿಯೊಂದರ ಪಾಕೀಟಿನಲ್ಲಿ ಮೂರನೆಯದು. ಕಂಪನಿ ಬೇರೆ, ಹೆಸರು ಬೇರೆ. ಒಳಗಿನ ಔಷಧಿ? ಅವಳು ಕೊಟ್ಟಿದ್ದರಲ್ಲೇ ಒಂದು!

ಅಂದರೆ ಆ ತೂರಾಟ ಕುಡಿತದ್ದಲ್ಲ, ಗುಳಿಗೆಯದು! ಒಂದೇ ಔಷಧಿ ಎರಡು ಪಟ್ಟು! ಈ ಮಂಪರಿನಲ್ಲಿ ಬೈಕ್ ಹತ್ತಿದರೆ...

ಓಡಿದಳು. ಓಣಿಯ ತುದಿಯಲ್ಲಿ ಅವನು ಬೈಕಿಗೆ ಕಿಕ್ ಹೊಡೆಯುತ್ತಿದ್ದ. ಕೀಲಿ ಕಿತ್ತುಕೊಂಡಳು.

"ಖಾನಾಪುರದ ಗುಳಿಗಿ ಯಾಕ ತಗೊಂಡ್ರಿ?"

"ಕೈ ಜಜ್ಜಿದಾಗ ಅಲ್ಲಿ ತಗೊಂಡಿದ್ದೂವು ಮನ್ಯಾಗ ಉಳದಿದ್ದೂರಿ. ಎರಡು ಔಷಧಿ ಕೂಡಿದ್ರ ನೋವು ಹೋಗತೈತಿ ಅಂದ್ರಲ್ಲ ಡಾಕ್ಟರು... ಮೂರಾದ್ರ ಲಗೂನ ಹೋಗತೈತಿ ಅನ್ಕೊಂಡೆ."

"ಅವರನ್ನ ಕೇಳಿದ್ರಿ?"

"ಇಲ್ರಿ..."

ರಿಕ್ಷಾ ಹಿಡಿದು ಅವನನ್ನು ಡಾಕ್ಟರ ಬಳಿ ಕರೆದೊಯ್ದಳು. ಅವರು ಡಬ್ಬಿ ನೋಡಿ ಗದರಿದರು, ಒಂದು ದಿನ ಅಲ್ಲೇ ಇರಿಸಿಕೊಂಡರು. ಮೂರನೆಯದನ್ನು ತೆಗೆಸಿ, ಉಳಿದೆರಡನ್ನು ಎಷ್ಟೆಷ್ಟು ತೆಗೆದುಕೊಳ್ಳಬೇಕೆಂದು ಹೊಸದಾಗಿ ಬರೆದರು. ಕೇಳದೆ ಕೂಡಿಸುವಂತಿಲ್ಲ, ಕೇಳದೆ ಬಿಡುವಂತೆಯೂ ಇಲ್ಲ. ಮಂಪರು ಪೂರ್ತಿ ಹೋಗುವವರೆಗೆ ಗಾಡಿ ಮುಟ್ಟುವಂತಿಲ್ಲ.

ಮರುದಿನ ಅವಳು ದವಾಖಾನೆಗೆ ಬಂದಾಗ ಅವನ ಕಣ್ಣುಗಳು ತಿಳಿಯಾಗಿದ್ದವು. ಅವಳವು ಅತ್ತು ಕೆಂಪಾಗಿದ್ದವು.

"ಎಲ್ಲಾರ ಮುಂದ ಬೈದೆ... ತಪ್ಪಾತ್ರಿ."

"ಬ್ಯಾರೇದವರು ಅಂದಿದ್ರ ಬಿಡ್ತಿದ್ದೆ. ನೀವ ಅಂದ್ರಿ... ಕೈಗಿಂತ ಜಾಸ್ತಿ ನೋವಾತು."

"ಯಾಕ?"

ಅವನು ನೆಲ ನೋಡಿದ. ಕಡೆಗೂ ಧೈರ್ಯ ಮಾಡಿದ.

"ದಿನಾ ಗುಳಿಗಿ ನೆನಪ ಮಾಡಾಕ ನಮ್ಮ ಮನಿಗಿ ಬರ್ತೀರೇನ್ರಿ... ಕಾಯಂ?"

"ಗುಳಿಗಿ ನಿಂತ ಮ್ಯಾಲ?"

"ಬೈಯಾಕರ ಯಾರರ ಬೇಕಲ್ರಿ!"

ಅವಳಿಗೆ ಅಳು ನಗು ಎರಡೂ ಒಟ್ಟಿಗೇ ಬಂದವು. ಬೈಕಿನ ಕೀಲಿ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

"ಹಂಗಾದ್ರ ನಿಮ್ಮ ಅವ್ವನ್ನ ಕರಕೊಂಡು ಮನಿಗಿ ಬರ್ರಿ. ಬೈಕಿನ ಮ್ಯಾಲಲ್ಲ... ಬಸ್ಸಿಗಿ ಬರ್ರಿ!"