ಓರೆಗಾಲಿನ ಎರಡು ಕುರ್ಚಿ

"ಸೊಟ್ಟ ಕಾಲಿನ ಕುರ್ಚಿ ಬೇಕಂತ ಕೇಳ್ಕೊಂಡು ಬಂದೋರನ್ನ ಇವತ್ತ ಮೊದಲ ನೋಡಾಕತ್ತೀನ್ರಿ ಮೇಡಂ."

ಕಾಂಚನ ಕುರ್ಚಿಯ ಫೋಟೋ ತೋರಿಸಲು ಮುಂದೆ ಚಾಚಿದ್ದ ಮೊಬೈಲನ್ನು ಹಿಂದಕ್ಕೆ ಎಳೆದುಕೊಂಡಳು. ಗಡಿಯೂರು ಜತ್ತದ ವಿಜಯಪುರ ರಸ್ತೆಯಲ್ಲಿದ್ದ ಆ ಕಟ್ಟಿಗೆ ಕೆಲಸದ ಶೆಡ್ಡಿಗೆ ಅವಳು ಧೈರ್ಯ ಮಾಡಿ ಬಂದಿದ್ದೇ ದೊಡ್ಡದು. ಬಂದ ಗಳಿಗೆಯಲ್ಲೇ ಹೀಗೆ ನಗೆಪಾಟಲಾಗಬೇಕೇ?

"ಸೊಟ್ಟ ಅಲ್ರಿ, ಓರೆ. ಮಾಡಾಕ ಬರೂದಿಲ್ಲಂದ್ರ ಹಂಗ ಹೇಳ್ರಿ. ನಗಬ್ಯಾಡ್ರಿ."

ಅವನು ಕಿವಿಯ ಮೇಲಿನ ಪೆನ್ಸಿಲ್ ಕೈಗೆ ತೆಗೆದುಕೊಂಡ. ಹಣೆಯ ಮೇಲೆ ವಿಭೂತಿ, ಅಂಗಿಯ ತುಂಬ ಕಟ್ಟಿಗೆಯ ಪುಡಿ.

"ಖುಷಿಗೆ ನಕ್ಕೆ ರಿ. ದಿನಾ ಅದೇ ಮಂಚ, ಅದೇ ಕಪಾಟ ಮಾಡಿ ಬ್ಯಾಸತ್ತೀನಿ. ಇನ್ನೊಮ್ಮೆ ತೋರಸ್ರಿ."

ಕಾಂಚನಳ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಉಳಿದರ್ಧ ಇಳಿಯಲು ತಿಂಗಳೂ ಬೇಕಾಗಲಿಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಮಾಡುವುದಿದೆ?

ಅವನ ಹೆಸರು ವಿಜಯಕುಮಾರ. ತಿಕೋಂಡಿಯ ಹೊಲಮನೆ ಅಣ್ಣನಿಗೆ ಬಿಟ್ಟು, ವಿಜಯಪುರದ ಮಲಕಾಜಪ್ಪ ಉಸ್ತಾದನ ಹತ್ತಿರ ಕೆಲಸ ಕಲಿತು ಬಂದವನು. ಕಟ್ಟಿಗೆ ಕೆಲಸದವನಿಗೆ ಹೆಣ್ಣು ಕೊಡುವವರು ಸಿಗದೆ ಒಬ್ಬನೇ ಇದ್ದ, ಖಾನಾವಳಿಯಲ್ಲಿ ಉಣ್ಣುತ್ತಿದ್ದ.

ಕಾಂಚನಳೂ ಒಬ್ಬಳೇ. ದವಾಖಾನೆಯಲ್ಲಿ ನರ್ಸ್. ಅಪ್ಪ ಅವ್ವ ಹೋದ ಮೇಲೆ ತಂಗಿ ಕರಿಷ್ಮಾಳನ್ನು ಓದಿಸಿ, ಮಿರಜಿಗೆ ಲಗ್ನ ಮಾಡಿಕೊಟ್ಟು, ಹಿಂತಿರುಗಿ ನೋಡುವಷ್ಟರಲ್ಲಿ ತನ್ನ ವಯಸ್ಸು ಮೂವತ್ತು ದಾಟಿತ್ತು. ಆಮೇಲೆ ಜತ್ತದಲ್ಲೇ ಎರಡನೇ ಮಹಡಿಯ ಒಂದು ಫ್ಲ್ಯಾಟ್ ತೆಗೆದುಕೊಂಡಳು.

ಫ್ಲ್ಯಾಟಿಗೆ ಏನು ಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನೆಲಕ್ಕೆ ಹತ್ತಿರವಾದ ಸೋಫಾ, ಸಾಸಿವೆ ಬಣ್ಣದ ಗಾದಿ, ಕೆತ್ತನೆಯಿಲ್ಲದ ಸಾಗವಾನಿ, ಸರಿಸುವ ಬಾಗಿಲಿನ ಗಿಡ್ಡ ಕಪಾಟು, ಸುತ್ತ ಸೂರ್ಯನಂತೆ ಕಿರಣಗಳಿರುವ ದುಂಡು ಗಡಿಯಾರ, ಕೆಳಗೆ ಹೋದಂತೆ ಸಣ್ಣಗಾಗುವ ಓರೆಗಾಲಿನ ಕುರ್ಚಿ. ಅರವತ್ತು ಎಪ್ಪತ್ತು ವರ್ಷದ ಹಿಂದೆ ಪರದೇಶದವರು ಮನೆ ಹೀಗೆ ಇಡುತ್ತಿದ್ದರಂತೆ. ಇದಕ್ಕೆ ಮಿಡ್-ಸೆಂಚುರಿ ಮಾಡರ್ನ್ ಎನ್ನುತ್ತಾರೆಂದು ಮೊಬೈಲು ಹೇಳಿತ್ತು.

ಆದರೆ ಆ ಕುರ್ಚಿಯನ್ನು ಅವಳು ಮೊದಲು ಕಂಡದ್ದು ಮೊಬೈಲಿನಲ್ಲಲ್ಲ. ಹುಟ್ಟಿದೂರು ಬಿಳೂರಿನಲ್ಲಿ ಅವಳ ಅವ್ವ ಬಾಳಾಬಾಯಿ ಅಂಗಳ ಗುಡಿಸುತ್ತಿದ್ದ ದೊಡ್ಡ ಮನೆಯ ಪಡಸಾಲೆಯಲ್ಲಿ ಅಂಥವೇ ಎರಡಿದ್ದವು. ಚಿಕ್ಕವಳಿದ್ದಾಗ ಒಮ್ಮೆ ಓಡಿಹೋಗಿ ಕುಳಿತಿದ್ದಳು. ಮನೆಯೊಡತಿ ಬಯ್ಯಲಿಲ್ಲ, ಬಡಿಯಲಿಲ್ಲ. ಅವಳು ಇಳಿಯುವವರೆಗೂ ಕಾದು, ತಂಬಿಗೆ ತಂದು ಕುರ್ಚಿಯ ಮೇಲೆ ನೀರು ಚಿಮುಕಿಸಿದಳು, ಅಷ್ಟೇ.

ಆ ನೀರಿನ ಸದ್ದು ಕಾಂಚನಳ ಕಿವಿಯಿಂದ ಇವತ್ತಿಗೂ ಹೋಗಿಲ್ಲ.

ವಿಜಯಕುಮಾರ ಭಾನುವಾರಗಳಂದು ಅಳತೆಗೆ ಬರತೊಡಗಿದ. ಗೋಡೆಗೆ ಯಾವ ಬಣ್ಣ, ಕಿಟಕಿಯ ಬಿಸಿಲು ಎಲ್ಲಿಯವರೆಗೆ ಬರುತ್ತದೆ ಎಂದು ಇಬ್ಬರೂ ಖಾಲಿ ಹಾಲಿನಲ್ಲಿ ನಿಂತು ವಾದ ಮಾಡುತ್ತಿದ್ದರು. ಊರೆಲ್ಲ ಅವಳನ್ನು 'ಸಿಸ್ಟರ್' ಎನ್ನುತ್ತಿತ್ತು. ಅವನೊಬ್ಬ ಮಾತ್ರ ಅಪ್ಪಿತಪ್ಪಿಯೂ ಹಾಗೆನ್ನಲಿಲ್ಲ. ಕಾಂಚನ ಅದನ್ನು ಗಮನಿಸಿದ್ದಳು... ಗಮನಿಸದವಳಂತೆ ಇದ್ದಳು.

ಕುರ್ಚಿಗಳು ಬಂದ ದಿನವೇ ಅವಳು ಬುದ್ಧನ ಮತ್ತು ಬಾಬಾಸಾಹೇಬರ ಫೋಟೋಗಳನ್ನು ಗೋಡೆಗೆ ಹಾಕಿದ್ದಳು. ವಿಜಯಕುಮಾರ ಕುರ್ಚಿಗಳನ್ನು ಕಿಟಕಿಯ ಹತ್ತಿರ ಇಟ್ಟ. ಫೋಟೋ ನೋಡಿದ. ಹಿಂದೆ ಸರಿದು ನಿಂತ.

"ಕುಂದ್ರಿ, ಚಾ ತರ್ತೀನಿ," ಎಂದಳು.

"ಇರ್ಲಿ ರಿ. ನೀವು ಕುಂದ್ರಿ."

ಟೀಪಾಯಿಯ ಮೇಲೆ ಚಹ ಇಟ್ಟಳು. ಅವನು ಕುರ್ಚಿಯ ಬೆನ್ನು ಸವರುತ್ತ ನಿಂತೇ ಇದ್ದ. ಚಹದ ಮೇಲೆ ಕೆನೆ ಕಟ್ಟಿತು. ತನ್ನ ಚೀಲದ ಬಾಟಲಿಯಿಂದ ನೀರು ಕುಡಿದು, "ಬರ್ತೀನ್ರಿ" ಎಂದು ಹೋದ.

ಉಳಿದ ಸಾಮಾನು ತಂದ ಮುಂದಿನ ಭಾನುವಾರವೂ ಹಾಗೇ. ಅದರ ಮುಂದಿನದೂ.

'ಫೋಟೋ ನೋಡೂತನಕ ನನ್ನ ಜಾತಿ ಗೊತ್ತಿರಲಿಲ್ಲೇನೋ... ಈಗ ಗೊತ್ತಾತು.' ಕಾಂಚನ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಆ ಆರಿದ ಚಹವನ್ನು ತಾನೇ ಕುಡಿಯುತ್ತಿದ್ದಳು. ಆಗ ಬೇರೆಯವರ ಮನೆ, ಈಗ ತನ್ನದೇ ಮನೆ. ಆದರೂ ಅದೇ ಆಯಿತಲ್ಲ.

ಗಡಿಯಾರ ಹಾಕಿ ಮುಗಿಸಿದ ದಿನ ಅವಳಿಗೆ ತಡೆಯಲಾಗಲಿಲ್ಲ.

"ಕುಂದ್ರಿ," ಎಂದಳು.

"ಮೊದಲ ನೀವು..."

"ಸಾಕ್ರಿ! ನಮ್ಮ ಮನ್ಯಾಗ ಕುಂತ್ರ ನಿಮಗೇನು ಮೈಲಿಗಿ ಆಕ್ಕೈತೇನು? ಬಾಯಿಬಿಟ್ಟು ಹೇಳ್ರಿ. ಇಲ್ಲಾ, ಇನ್ನ ಬರಬ್ಯಾಡ್ರಿ."

ಅವನ ಮುಖ ಬಿಳಚಿಕೊಂಡಿತು. ಸಾಮಾನು ಚೀಲಕ್ಕೆ ತುಂಬಿಕೊಂಡು ಮೆಟ್ಟಿಲಿಳಿದ.

ಫ್ಲ್ಯಾಟು ಈಗ ಮೊಬೈಲಿನ ಫೋಟೋದಲ್ಲಿದ್ದ ಹಾಗೇ ಇತ್ತು. ದುಂಡು ದೀಪ, ಹಸಿರು ಗೋಡೆ, ಎಲ್ಲ ಸೊಗಸು. ವಿಡಿಯೋ ಕಾಲಿನಲ್ಲಿ ನೋಡಿದ ಕರಿಷ್ಮಾ, "ಅಕ್ಕಾ, ಇಷ್ಟ ಚಂದ ಮನ್ಯಾಗ ನೀ ಒಬ್ಬಾಕಿನ ಏನ್ ಮಾಡ್ತಿ?" ಎಂದು ಕೇಳಿದಳು. ಕಾಂಚನ ನೆಟ್‌ವರ್ಕ್ ಸರಿಯಿಲ್ಲವೆಂದು ಕಾಲ್ ಕಟ್ ಮಾಡಿದಳು.

ಡ್ಯೂಟಿ ಮುಗಿಸಿ ಬಂದರೆ ಮಾತಾಡಿಸುವವರಿಲ್ಲ. ಎದುರು ಮನೆಯಿಂದ ಟಿವಿಯ ಸದ್ದು, ಮಕ್ಕಳ ಜಗಳ, ಒಗ್ಗರಣೆಯ ವಾಸನೆ ಬರುತ್ತಿತ್ತು. ಅವಳು ಚಾಪೆ ಹಾಸಿ, ಸೋಫಾಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಉಣ್ಣುತ್ತಿದ್ದಳು. ಕಿಟಕಿಯ ಹತ್ತಿರ ಎರಡು ಕುರ್ಚಿಗಳು ಎದುರುಬದುರು ಖಾಲಿ ಇರುತ್ತಿದ್ದವು.

ಒಂದು ದಿನ ದವಾಖಾನೆಗೆ ತಿಕೋಂಡಿಯ ಗುರವ್ವ ಎಂಬ ಮುದುಕಿ ಬಂದಳು. ಕಾಲಿನ ಗಾಯಕ್ಕೆ ಪಟ್ಟಿ ಕಟ್ಟುವಾಗ ನೋವು ಮರೆಸಲು ಕಾಂಚನ, "ಹೆಂಗ ಪೆಟ್ಟಾತು ಆಯಿ?" ಎಂದು ಮಾತಿಗೆಳೆದಳು.

"ಹೊಸ ಮಂಚಕ್ಕ ಎಡವಿದೆ ನಮ್ಮವ್ವಾ. ಮಂಚದ್ದೇನು ತಪ್ಪಿಲ್ಲ ಬಿಡು, ನಮ್ಮ ಓಣಿ ವಿಜಯಕುಮಾರ ಭಾಳ ಚಲೋ ಮಾಡ್ಯಾನ. ತಂದ ದಿವಸ ಏನ್ ಆಟ ಅಂತೀ! ಕುಂದ್ರೋ ಅಂದ್ರ ಒಲ್ಲೆ, ನೀರ್ ಕುಡಿ ಅಂದ್ರ ಒಲ್ಲೆ. ನಾ ಮಂಚದ ಮ್ಯಾಲ ಕುಂತ ಮ್ಯಾಲೇನ ಅಂವ ಕುಂತು ಊಟ ಮಾಡಿದ."

ಕಾಂಚನಳ ಕೈ ನಿಂತಿತು. "ಯಾಕ?"

"ಅವರ ಉಸ್ತಾದನ ಪದ್ಧತಿ ಅಂತ ನಮ್ಮವ್ವಾ. ಮಾಡಿಸಿದಾಕಿ ಕುಂತು ಚಲೋ ಐತಿ ಅನ್ನೂತನಕ, ಮಾಡಿದಾಂವ ಆ ಮನ್ಯಾಗ ಕುಂದರೂ ಹಂಗಿಲ್ಲ, ಏನೂ ಬಾಯಿಗೆ ಹಾಕೂ ಹಂಗಿಲ್ಲ."

'ನೀವು ಕುಂದ್ರಿ... ಮೊದಲ ನೀವು...'

ಅವನು ಪ್ರತಿ ಸಲ ಹೇಳಿದ್ದು ಅದನ್ನೇ. ಮನೆಗೆ ಬಂದವರು ಕೂರದೆ ತಾನು ಕೂರುವುದು ಹೇಗೆಂದು ಅವಳು ನಿಂತಿದ್ದಳು. ಅಷ್ಟೇ ಏನು? ಯಾರೂ ಇಲ್ಲದಾಗಲೂ ಆ ಕುರ್ಚಿಯಲ್ಲಿ ಅವಳು ಒಮ್ಮೆಯೂ ಕುಳಿತಿರಲಿಲ್ಲ. ತಾನೇ ಕೊಂಡ ಕುರ್ಚಿ. ತನ್ನದೇ ಮನೆ. ಕೂರಲು ಹೋದರೆ ಆ ತಂಬಿಗೆಯ ನೀರಿನ ಸದ್ದು ಕೇಳುತ್ತಿತ್ತು.

ಪಟ್ಟಿ ಕಟ್ಟಿ ಮುಗಿಸಿ, ದವಾಖಾನೆಯ ಬಚ್ಚಲುಮನೆಗೆ ಹೋಗಿ ನಲ್ಲಿ ತಿರುವಿ ಅತ್ತಳು. ಮುಖ ತೊಳೆದು ವಿಜಯಕುಮಾರನಿಗೆ ಫೋನ್ ಮಾಡಿದಳು.

"ನಾಳೆ ಚಾಕ್ಕ ಬರ್ರಿ."

"ಬರ್ತೀನ್ರಿ," ಎಂದ ಅವನು.

ಮರುದಿನ ಸಂಜೆ ಅವನು ಬಾಗಿಲೊಳಗೆ ಬಂದು ಎಂದಿನಂತೆ ನಿಂತ. ಟೀಪಾಯಿಯ ಮೇಲೆ ಎರಡು ಕಪ್ ಚಹ ಹೊಗೆಯಾಡುತ್ತಿತ್ತು. ಕಾಂಚನ ಈ ಸಲ 'ಕುಂದ್ರಿ' ಎನ್ನಲಿಲ್ಲ. ಕುರ್ಚಿಯ ಹತ್ತಿರ ಹೋದಳು. ಒಮ್ಮೆ ಗೋಡೆಯ ಫೋಟೋ ನೋಡಿದಳು, ಕಣ್ಣು ಮುಚ್ಚಿ ಕುಳಿತುಬಿಟ್ಟಳು.

ಬೆನ್ನಿಗೆ ಕಟ್ಟಿಗೆ ಹಿತವಾಗಿ ತಾಗಿತು. ಯಾವ ಸದ್ದೂ ಬರಲಿಲ್ಲ.

"ಹೆಂಗೈತ್ರಿ?" ಅವನ ದನಿ ಸಣ್ಣಗಿತ್ತು.

"ಭಾಳ ಚಲೋ ಐತಿ..." ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿದವು. ಬಿಳೂರಿನ ಪಡಸಾಲೆಯ ಕಥೆಯನ್ನೆಲ್ಲ ಹೇಳಿದಳು. ತಂಗಿಗೂ ಹೇಳದ ಕಥೆ ಅದು.

ವಿಜಯಕುಮಾರ ಎದುರಿನ ಕುರ್ಚಿ ಎಳೆದು ಕುಳಿತ.

"ನೀವು ಕುಂದರಲಿಲ್ಲಲ್ಲ, ಅದಕ್ಕ ನನ್ನ ಕೆಲಸ ನಿಮಗ ಮನಸಿಗೆ ಬಂದಿಲ್ಲ ಅಂದ್ಕೊಂಡೆ. ಆ ದಿವಸ ನೀವು ಹಂಗಂದಾಗ ಪದ್ಧತಿ ಹೇಳಬೇಕಿತ್ತು. ನೀವು ನನ್ನ ಹಂಗ ತಿಳ್ಕೊಂಡ್ರಲ್ಲ ಅಂತ... ಬಾಯೇ ಬರಲಿಲ್ರಿ."

"ತಪ್ಪಾತ್ರಿ ನಂದು."

"ನಿಮ್ಮದಲ್ಲ. ಆ ನೀರು ಚಿಮುಕಿಸಿದೋರದ್ದು."

ಆಮೇಲೆ ಅವನೇ ಹೇಳಿದ, "ಊರಾಗ ನಮ್ಮವ್ವಗ ಹೇಳೀನ್ರಿ. ಕುರ್ಚಿ ತಂದ ವಾರಾನ ಹೇಳಿದ್ದೆ."

"ಏನಂತ?"

"ಲಗ್ನ ಆದ್ರ ಕಾಂಚನಾನ್ನ ಆಕ್ಕೀನಿ ಅಂತ. ಭಾಳ ದಿನ ನನ್ನ ಜೋಡಿ ಮಾತು ಬಿಟ್ಟಿದ್ಲು. ನಿನ್ನೆ ತಾನಾಗಿ, 'ಆಕಿ ಅಲ್ಲಿ ಒಬ್ಬಾಕಿನ ಇರ್ತಾಳೇನು?' ಅಂತ ಕೇಳಿದ್ಲು."

ಅವನ ಬಾಯಲ್ಲಿ ಅವಳ ಹೆಸರು ಅದೇ ಮೊದಲು. ಕಾಂಚನ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಏನ್ ಹೇಳಿದ್ರಿ ಅವ್ವಾರಿಗೆ?"

"ನಿಮ್ಮನ್ನ ಕೇಳಿ ಹೇಳ್ತೀನಿ ಅಂದೆ."

ಅವಳು ಕಪ್ಪನ್ನು ಅವನ ಕಡೆ ಸರಿಸಿದಳು. "ಇಲ್ಲ ಅಂತ ಹೇಳ್ರಿ. ಇನ್ನ ಮ್ಯಾಲ ಒಬ್ಬಾಕಿನ ಇರೂದಿಲ್ಲ ಅಂತ."

ಅವನು ಚಹ ಕುಡಿದು, ಖಾಲಿ ಕಪ್ಪನ್ನು ಹಿಡಿದುಕೊಂಡೇ ಕೇಳಿದ, "ಹೊತ್ತು ಮುಳುಗ್ತು. ಏಳ್ಲೇನ್ರಿ?"

"ಯಾಕ ಅವಸರ?" ಎಂದಳು ಕಾಂಚನ, ತಾನೂ ಏಳದೆ. "ಕುಂದ್ರಿ."