ಬಾಗಿಲ ಬಳಿಯ ಕಬ್ಬಿಣ

"ಆ ಬೇಡೀನ ಅವನ ಜೊತೇಲೇ ಮಣ್ಣಿಗೆ ಹಾಕ್ಬಿಡಿ, ದಣಿ. ಸತ್ತವನ ಕಾಲಲ್ಲಿದ್ದ ಕಬ್ಬಿಣ ಹೊರಗೆ ಉಳೀಬಾರ್ದು."

ಜೈಲಿನ ಅಡುಗೆಯವಳು ಸೆಲೀನ ತಲೆ ಎತ್ತದೆ ಹೇಳಿದಳು. ಹಲಗೆಯ ಮೇಲೆ ಅವಳ ತಂಗಿಯ ಮಗ ಏಮಸ್‌ನ ಹೆಣವಿತ್ತು. ಅದೇ ಜೈಲಿನ ಕೈದಿಯಾಗಿ ಕೌಂಟಿಯ ರಸ್ತೆ ಅಗೆಯುತ್ತ, ಬೇಡಿ ಉಜ್ಜಿದ ಹುಣ್ಣು ಕೊಳೆತು, ಜ್ವರ ಏರಿ ಸತ್ತಿದ್ದ. ಬದುಕಿದ್ದಾಗ ಕಮ್ಮಾರನ ಉಳಿಯಿಲ್ಲದೆ ಬಿಚ್ಚಲಾಗದಿದ್ದ ಬೇಡಿ ಈಗ ಬತ್ತಿದ ಕಾಲಿನಿಂದ ತಾನಾಗಿಯೇ ಜಾರಿತ್ತು.

ಲೈಮನ್ ಸ್ಟ್ರೌಡ್ ನಕ್ಕ. ಅವನು ಅಟ್ಲಾಂಟಾದಿಂದ ಬಂದ ಹೊಸ ಜೈಲರ್. ಕೈದಿಗಳ ಬಾಯಲ್ಲಿ 'ಕ್ಯಾಪ್ಟನ್'.

"ಕಬ್ಬಿಣ ಕೌಂಟಿದು, ಮುದುಕಿ. ಹೆಣಕ್ಕೆ ಯಾಕೆ ಕೊಡ್ಲಿ? ಅವನೇನು ನರಕದಿಂದ ಓಡಿಹೋಗ್ತಾನಾ?"

ಅಂದೇ ಆ ಬೇಡಿಯನ್ನು ಬಾಗಿಲ ಬಳಿಯ ಮರದ ದಿಮ್ಮಿಗೆ ಮೊಳೆ ಹೊಡೆಸಿ ಕೂರಿಸಿದ. ಎರಡು ಬಳೆಗಳು ಆಚೆ ಈಚೆ, ನಡುವೆ ಬಿಗಿದ ಸರಪಳಿ. ಜಾರ್ಜಿಯಾದ ಕೆಂಪು ಕೆಸರನ್ನು ಬೂಟಿನಿಂದ ಕೆರೆಯಲು ಅದಕ್ಕಿಂತ ಒಳ್ಳೆಯ ಸಾಧನ ಬೇರೆ ಇಲ್ಲವೆಂದು ಬಂದವರಿಗೆಲ್ಲ ತೋರಿಸಿದ. ಹೆಜ್ಜೆಯ ಮಣ್ಣು ಯಾರ ಕೈಸೇರುತ್ತದೋ ನಡೆಯುವವನೂ ಅವರ ಕೈಸೇರುತ್ತಾನೆ ಎಂಬುದು ಸೆಲೀನಳ ಕೇರಿಯವರ ನಂಬಿಕೆ. ಅವಳು ಅದನ್ನೂ ಒಮ್ಮೆ ಹೇಳಿದಳು. ಅವನು ಅವಳ ಮುಂದೆಯೇ ಎರಡೂ ಬೂಟುಗಳನ್ನು ನಿಧಾನವಾಗಿ ಕೆರೆದ. ಸರಪಳಿ ಛಿಣ್ ಎಂದಿತು.

ಆ ಚಳಿಗಾಲವೆಲ್ಲ ಮಳೆ. ಜೈಲಿನೊಳಗೆ ಸುಟ್ಟ ಕೊಬ್ಬಿನ, ಜೋಳದ ರೊಟ್ಟಿಯ, ತೊಳೆಯದ ಬಕೆಟ್ಟುಗಳ ವಾಸನೆ. ಸ್ಟ್ರೌಡ್ ಮೊದಲು ಕಂಡದ್ದು ಅಂಗಳದ ತನ್ನ ಹೆಜ್ಜೆಗುರುತುಗಳನ್ನು. ಅವು ದಿನದಿಂದ ದಿನಕ್ಕೆ ಒಂದಕ್ಕೊಂದು ಹತ್ತಿರ ಬರುತ್ತಿದ್ದವು. ಆಮೇಲೆ ಮೆಟ್ಟಿಲು ಹತ್ತುವಾಗ ಯಾರೋ ಹಿಂದಿನಿಂದ ಕಾಲು ಜಗ್ಗಿದಂತೆ ಮುಗ್ಗರಿಸಿದ. ಒಂದು ಬೆಳಗ್ಗೆ ಕಾಲ್ಚೀಲ ತೆಗೆದರೆ ಎರಡೂ ಕಣಕಾಲಿನ ಸುತ್ತ ಕೆಂಪು ಬಳೆ. ಮುಟ್ಟಿದರೆ ಕೀವು. ಏಮಸ್ ಮಲಗಿದ್ದ ಹಲಗೆಯ ವಾಸನೆ.

ದಿಮ್ಮಿಯನ್ನು ಕಿತ್ತು ನೋಡಿದ. ಕೆಳಗೆ ಕೆಂಪು ಬಟ್ಟೆಯ ಗಂಟು. ಬಟ್ಟೆ ಅಂಗೈಯಷ್ಟು, ಗಂಟು ಕುಂಬಳಕಾಯಿಯಷ್ಟು ಊದಿತ್ತು. ಬೆಚ್ಚಗಿತ್ತು.

"ಬಿಚ್ಚು ಇದನ್ನ," ಸೆಲೀನಳನ್ನು ಕರೆಸಿ ಅಂದ.

"ನಾನು ಕಟ್ಟಿದ್ದು ಒಂದೇ ಸಲ, ದಣಿ. ದಿನಾ ಹೆಜ್ಜೆ ಮಣ್ಣು ಉಣಿಸಿದ್ದು ನೀವು."

"ಬಿಚ್ಚು ಅಂದೆ."

"ಅವನಿಗೆ ಜ್ವರ ಬಂದಾಗ ನಾನೂ ಹಂಗೇ ಕೇಳ್ಕೊಂಡಿದ್ದೆ. ಕಮ್ಮಾರನ್ನ ಕರೆಸಿ, ಬಿಚ್ಚಿಸಿ ಅಂತ."

ಅವನು ಒದೆಯಲು ಕಾಲೆತ್ತಿದ. ಕಾಲು ಗೇಣುದ್ದ ಹೋಗಿ ನಿಂತಿತು. ಸೆಲೀನ ಒಂದು ಹೆಜ್ಜೆ ಹಿಂದೆ ಸರಿದಳು. ಆ ಒಂದು ಹೆಜ್ಜೆಯನ್ನು ಅವನಿಂದ ದಾಟಲಾಗಲಿಲ್ಲ.

ಗಂಟನ್ನು ಅಲ್ಲಿಯೇ ಬಿಟ್ಟು ರೈಲು ಹತ್ತಿದ. ಜೈಲಿದ್ದ ಊರಿನ ಡಾಕ್ಟರಿಗೆ ಆ ಹುಣ್ಣು ತೋರಿಸಲು ಅವನಿಗೆ ನಾಚಿಕೆ. ಅಂಥ ಹುಣ್ಣು ಕೈದಿಗಳಿಗೆ ಮಾತ್ರ ಬರುವುದೆಂದು ಎಲ್ಲರಿಗೂ ಗೊತ್ತು. ಗುರುತಿಲ್ಲದ ಡಾಕ್ಟರನ್ನು ಹುಡುಕಿ ಪಕ್ಕದ ಕೌಂಟಿಯಲ್ಲಿ ಇಳಿದ. ಜೈಲರನ ಬಿಲ್ಲೆ ತಂದಿರಲಿಲ್ಲ. ನಿಲ್ದಾಣದಲ್ಲಿ ಪೊಲೀಸ್ ಡೆಪ್ಯುಟಿಯೊಬ್ಬ ಅವನ ನಡಿಗೆಯನ್ನು ನೋಡುತ್ತ ನಿಂತಿದ್ದ. ವರ್ಷಗಟ್ಟಲೆ ಬೇಡಿ ಹೊತ್ತವರ ನಡಿಗೆ ಆ ಊರಿನ ಮಕ್ಕಳಿಗೂ ಗೊತ್ತು. ಹೆಸರು ಕೇಳಿದ. ಹುಣ್ಣಿನ ನಾಚಿಕೆಗೆ ಸ್ಟ್ರೌಡ್ ಬಾಯಿಗೆ ಬಂದ ಯಾವುದೋ ಹೆಸರು ಹೇಳಿದ. ಡೆಪ್ಯುಟಿ ಅವನ ಪ್ಯಾಂಟಿನ ಅಂಚನ್ನು ಕೋಲಿನಿಂದ ಎತ್ತಿದ.

"ಯಾವ ಕೈದಿಗಳ ಕ್ಯಾಂಪಿಂದ ಓಡಿಬಂದೆಯಪ್ಪಾ?"

ಆಗ ನಿಜವಾದ ಹೆಸರು ಹೇಳಿದ. ಕೂಗಿ ಹೇಳಿದ. ತನ್ನ ಜೈಲಿಗೆ ಫೋನ್ ಮಾಡಿ ಕೇಳಿ ಎಂದು ಅಂಗಲಾಚಿದ. ಫೋನ್ ಮಾಡುವ ತನಕ ಇರಲಿ ಎಂದು ಅವನನ್ನು ಕೈದಿಗಳ ಬಂಡಿಗೆ ತಳ್ಳಿದರು. ಗಾಲಿಯ ಮೇಲಿನ ಕಬ್ಬಿಣದ ಪಂಜರ. ಮೇಲೆ ಟಾರ್ಪಾಲು ಎಳೆದರು. ಕತ್ತಲೆ. ಬೆವರು. ಕೊಳೆತ ಹುಲ್ಲು. ಯಾರೋ ಕೆಮ್ಮಿದರು. ಯಾರೋ ಜಾಗ ಬಿಟ್ಟರು. ಕಮ್ಮಾರ ಬಂದ. ಸುತ್ತಿಗೆ. ಬಳೆ ಹುಣ್ಣಿನ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು.

ಟಾರ್ಪಾಲಿನ ಅಂಚು ಎದ್ದು ಡೆಪ್ಯುಟಿಯ ಮುಖ ಕಂಡಿತು.

"ಫೋನ್ ಮಾಡ್ದೆ ಕಣೋ. ಮುದುಕಿ ಎತ್ತಿದ್ಲು. ಕ್ಯಾಪ್ಟನ್ ಸ್ಟ್ರೌಡ್ ಬಾಗಿಲಲ್ಲೇ ಇದಾರೆ, ಬೂಟು ಕೆರೀತಿದಾರೆ ಅಂದ್ಲು. ಅವರನ್ನೇ ಮಾತಾಡಿಸಿದೆ."

"ಸುಳ್ಳು. ಅದು ನಾನಲ್ಲ..."

"ಇವನಿಗೆ ಜ್ವರ ಬಂದಂಗಿದೆ, ಬೇಡಿ ಬಿಚ್ಚಿಸ್ಲಾ ಅಂತಾನೂ ಕೇಳ್ದೆ. ನಕ್ಕುಬಿಟ್ರು." ಡೆಪ್ಯುಟಿಯೂ ನಕ್ಕ. "ಕಬ್ಬಿಣ ಕೌಂಟಿದು, ಹೆಣಕ್ಕೆ ಯಾಕೆ ಕೊಡ್ಲಿ ಅಂದ್ರು."

ಟಾರ್ಪಾಲು ಇಳಿಯಿತು. ಬಂಡಿ ರಸ್ತೆಯ ಕಡೆಗೆ ಹೊರಟಿತು.